ತೇಪೆ ಹಾಕಿದ ಹಾಯಿ

ಹಾಯಿದೋಣಿಯಲ್ಲಿ ಒಬ್ಬನೇ ಜಗತ್ತು ಸುತ್ತಿಬಂದ ಮೊದಲ ಮನುಷ್ಯ ಜೋಶುವಾ ಸ್ಲೋಕಮ್, ಆ ಪ್ರಯಾಣಕ್ಕೆ ಮುನ್ನ ಒಬ್ಬ ನಿರುದ್ಯೋಗಿ. ನನ್ನನ್ನು ಆತನ ಕಥೆಯೊಳಗೆ ಎಳೆದುಕೊಂಡದ್ದೇ ಈ ಸಂಗತಿ. ಸಾಹಸಿಗರ ಕಥೆ ಎಂದರೆ ಸಾಮಾನ್ಯವಾಗಿ ದಾಖಲೆ, ಧ್ವಜ, ಚಪ್ಪಾಳೆ. ಸ್ಲೋಕಮ್ ಬದುಕಿನಲ್ಲಿ ನನಗೆ ಹೆಚ್ಚಾಗಿ ಕಂಡದ್ದು ಗರಗಸ, ಸೂಜಿ ಮತ್ತು ದಾರ.

ಆತ ಹುಟ್ಟಿದ್ದು 1844ರಲ್ಲಿ, ಕೆನಡಾದ ನೋವಾ ಸ್ಕೋಶಿಯಾದಲ್ಲಿ. ಹತ್ತನೇ ವಯಸ್ಸಿಗೇ ಅಪ್ಪ ಶಾಲೆ ಬಿಡಿಸಿ, ತಾನು ಬೂಟು ತಯಾರಿಸುತ್ತಿದ್ದ ಅಂಗಡಿಯಲ್ಲಿ ಕೂರಿಸಿದ. ಹುಡುಗನ ಮನಸ್ಸೆಲ್ಲ ಕಡಲಿನಲ್ಲಿತ್ತು. ಮನೆಯಿಂದ ಓಡಿಹೋಗಿ ಮೀನುಗಾರಿಕೆ ದೋಣಿಯಲ್ಲಿ ಅಡುಗೆ ಕೆಲಸಕ್ಕೆ ಸೇರಿದ. ಇಪ್ಪತ್ತೈದರ ಹೊತ್ತಿಗೆ ಹಡಗೊಂದರ ಕ್ಯಾಪ್ಟನ್ ಆಗಿದ್ದ.

1887ರ ಕೊನೆಯಲ್ಲಿ ಆತನ ಸ್ವಂತ ಹಡಗು ‘ಅಕ್ವಿಡ್ನೆಕ್’ ಬ್ರೆಜಿಲ್ ಕರಾವಳಿಯ ಮರಳುದಿಬ್ಬಕ್ಕೆ ಸಿಕ್ಕಿ ಒಡೆದುಹೋಯಿತು. ಜೊತೆಯಲ್ಲಿ ಹೆಂಡತಿ ಹೆಟ್ಟಿ ಮತ್ತು ಇಬ್ಬರು ಗಂಡುಮಕ್ಕಳಿದ್ದರು. ಊರಿಗೆ ಮರಳಲು ಸ್ಲೋಕಮ್ ಬೇರೆ ಹಡಗಿಗಾಗಿ ಕಾಯಲಿಲ್ಲ. ಒಡೆದ ಹಡಗಿನಲ್ಲಿ ಉಳಿದದ್ದನ್ನೂ ಅಲ್ಲಿನ ಕಾಡಿನ ಮರವನ್ನೂ ಸೇರಿಸಿ 35 ಅಡಿಯ ದೋಣಿ ಕಟ್ಟಿದ. ಹೊಲಿಗೆ ಬಲ್ಲ ಹೆಟ್ಟಿ ಹಾಯಿಗಳನ್ನು ಹೊಲಿದಳು. ಬ್ರೆಜಿಲ್‌ನ ಗುಲಾಮರಿಗೆ ಬಿಡುಗಡೆ ಸಿಕ್ಕ 1888ರ ಮೇ 13ರಂದೇ ದೋಣಿ ನೀರಿಗಿಳಿಯಿತು. ಅದಕ್ಕೆ ‘ಲಿಬರ್ಡಾಡೆ’, ಅಂದರೆ ಸ್ವಾತಂತ್ರ್ಯ ಎಂದು ಹೆಸರಿಟ್ಟರು. ಸುಮಾರು 5,500 ಮೈಲಿ ಸಾಗಿ ಆ ಕುಟುಂಬ ಅಮೆರಿಕ ತಲುಪಿತು.

ಆದರೆ ಅಲ್ಲಿ ಕೆಲಸವಿರಲಿಲ್ಲ. ಉಗಿಹಡಗುಗಳ ಕಾಲ ಬಂದಿತ್ತು. ಎತ್ತರದ ಹಾಯಿಹಡಗುಗಳ ಕೂವೆಮರ ಕಡಿದು ಅವನ್ನು ಕಲ್ಲಿದ್ದಲು ಸಾಗಿಸುವ ದೋಣಿಗಳನ್ನಾಗಿ ಮಾಡುತ್ತಿದ್ದರು. ಹಡಗು ಕಟ್ಟುವ ಕೂಲಿಗೆ ಸೇರೋಣವೆಂದರೆ ಮೊದಲು ಸಂಘಕ್ಕೆ 50 ಡಾಲರ್ ಕಟ್ಟಬೇಕಿತ್ತು. ಕಲಿತ ವಿದ್ಯೆಗೆ ಮಾರುಕಟ್ಟೆಯೇ ಇಲ್ಲದಂತಾದಾಗ ಆತನಿಗೆ 48 ವರ್ಷ.

ಆಗ ಪರಿಚಯದ ಹಳೆಯ ಕ್ಯಾಪ್ಟನ್ ಒಬ್ಬ ಹಡಗೊಂದನ್ನು ಕೊಡುತ್ತೇನೆಂದ, ಸ್ವಲ್ಪ ರಿಪೇರಿ ಆಗಬೇಕಷ್ಟೆ ಎಂದೂ ಸೇರಿಸಿದ. ಹೋಗಿ ನೋಡಿದರೆ ಅದು ಮ್ಯಾಸಚೂಸೆಟ್ಸ್‌ನ ಫೇರ್‌ಹೇವನ್‌ನಲ್ಲಿ ಏಳು ವರ್ಷಗಳಿಂದ ಹೊಲದಲ್ಲಿ ನಿಂತಿದ್ದ ಮುದಿ ದೋಣಿ ‘ಸ್ಪ್ರೇ’. ಸ್ಲೋಕಮ್ ಹತ್ತಿರದ ಓಕ್ ಮರ ಕಡಿದು, ಹಲಗೆಗಳನ್ನು ಹಬೆಯಲ್ಲಿ ಬಾಗಿಸಿ, ಒಂದೊಂದೇ ಭಾಗ ಬದಲಿಸಿದ. 13 ತಿಂಗಳು ಹಿಡಿಯಿತು. ಸಾಮಗ್ರಿಗೆ ಖರ್ಚಾದದ್ದು 553 ಡಾಲರ್ 62 ಸೆಂಟ್. ನೋಡಲು ಬಂದವರೆಲ್ಲ ಇದರಿಂದ ಗಿಟ್ಟುತ್ತದೆಯೇ ಎಂದು ಕೇಳುತ್ತಿದ್ದರು. ಗಿಟ್ಟಿಸುತ್ತೇನೆ ಎಂಬುದೇ ಆತನ ಉತ್ತರ.

ಡಿಪ್ಲೊಮಾ ಮುಗಿಸಿ ನನಗೂ ಈಗ 13 ತಿಂಗಳು. ಸಂದರ್ಶನಗಳ ನಡುವೆ ಪಕ್ಕದ ಬೀದಿಯ ಮೋಟರ್ ರಿವೈಂಡಿಂಗ್ ಅಂಗಡಿಯಲ್ಲಿ ಕೂರುತ್ತೇನೆ. ಮದುವೆ, ಮುಂಜಿಗಳಲ್ಲಿ ನೆಂಟರು ಇದೇ ಪ್ರಶ್ನೆಯನ್ನು ಬೇರೆ ಬೇರೆ ಮಾತಿನಲ್ಲಿ ಕೇಳುತ್ತಾರೆ. ಹಾಗಾಗಿಯೇ ಸ್ಲೋಕಮ್‌ನ ಮುಂದಿನ ಕಥೆ ನನಗೆ ಬರೀ ಸಾಹಸವಾಗಿ ಕಾಣಲಿಲ್ಲ.

1895ರ ಏಪ್ರಿಲ್ 24ರಂದು ಬಾಸ್ಟನ್ ಬಿಟ್ಟ ಸ್ಪ್ರೇ, ಮರುವರ್ಷ ದಕ್ಷಿಣ ಅಮೆರಿಕದ ತುದಿಯ ಮೆಗೆಲನ್ ಜಲಸಂಧಿ ದಾಟಿ ಮಾರ್ಚ್ 3ರಂದು ಪೆಸಿಫಿಕ್‌ಗೆ ಕಾಲಿಟ್ಟಿತು. ಕೂಡಲೇ ಬಿರುಗಾಳಿ ಎರಗಿತು. ದೊಡ್ಡ ಹಾಯಿ ಚಿಂದಿಯಾಯಿತು. ವೇಗ ತಗ್ಗಿಸಲು ಹಿಂದೆ ಉದ್ದನೆಯ ಹಗ್ಗಗಳನ್ನು ಇಳಿಬಿಟ್ಟು, ಗಾಳಿ ತಳ್ಳಿದತ್ತ ಸಾಗಬೇಕಾಯಿತು. ನಾಲ್ಕನೇ ದಿನಕ್ಕೆ ದೋಣಿ ಕೇಪ್ ಹಾರ್ನ್ ಕಡೆಗೆ ಬಂದಿತ್ತು. ಅಲ್ಲಿಂದ ಇಡೀ ರಾತ್ರಿ ನೊರೆ ಕಾರುವ ಬಂಡೆಗಳ ನಡುವೆ ನುಸುಳಿ, ಕಾಕ್‌ಬರ್ನ್ ಕಾಲುವೆಯ ಮೂಲಕ ಆತ ಮತ್ತೆ ಅದೇ ಜಲಸಂಧಿಗೆ ಬಂದ. ಇಷ್ಟೆಲ್ಲ ಪಟ್ಟ ಪಾಡಿನ ನಂತರ ಹೊರಟಲ್ಲಿಗೇ ವಾಪಸ್!

ಪೂರ್ವಕ್ಕೆ ಹೋದರೆ ಪುಂಟಾ ಅರೆನಾಸ್ ಪಟ್ಟಣವಿತ್ತು. ಅಲ್ಲಿ ನೆರವು ಸಿಗುತ್ತಿತ್ತು. ಸ್ಲೋಕಮ್ ಅತ್ತ ತಿರುಗಲಿಲ್ಲ. ಕೈಯಲ್ಲಿದ್ದುದರಲ್ಲೇ ರಿಪೇರಿ ಮಾಡುವುದೆಂದು ನಿರ್ಧರಿಸಿ ಮತ್ತೆ ಪಶ್ಚಿಮಕ್ಕೇ ಹೊರಟ. ಉಳಿದಿದ್ದ ಚೌಕದ ಹಾಯಿಯೊಂದನ್ನು ಕಟ್ಟಿಕೊಂಡು, ಲಂಗರು ಹಾಕಿದಾಗಲೂ ಸಾಗುವಾಗಲೂ ಅದಕ್ಕೆ ಬಟ್ಟೆ ಸೇರಿಸಿ ಹೊಲಿಯುತ್ತ ಹೋದ. ರಾತ್ರಿ ದಾಳಿಕೋರರು ಹತ್ತದಂತೆ ಡೆಕ್ ಮೇಲೆ ಮೊಳೆಗಳನ್ನು ಚೆಲ್ಲಿ ಮಲಗುತ್ತಿದ್ದ. ತುಂಡು ತುಂಡಾಗಿ ಬೆಳೆದ ಆ ಹಾಯಿ ಚೆಂದವಾಗಿರಲಿಲ್ಲ, ಆದರೆ ಬಿರುಗಾಳಿಗೆ ಜಗ್ಗುವಂತಿರಲಿಲ್ಲ. ಬಹಳ ದಿನಗಳ ನಂತರ ಎದುರಾದ ಹಡಗಿನವರು ಅದನ್ನು ಯಾವುದೋ ಸುಧಾರಿತ ಹೊಸ ವಿನ್ಯಾಸವೆಂದೇ ತಿಳಿದರಂತೆ!

ಹಾಯಿ ಸಿದ್ಧವಾದ ಮೇಲೂ ದಾರಿ ಸುಲಭವಾಗಲಿಲ್ಲ. ಪೋರ್ಟ್ ಆಂಗೊಸ್ಟೊದಿಂದ ಆರು ಸಲ ಹೊರಟು ಆರು ಸಲವೂ ಹಿಂತಿರುಗಿದ. ಏಳನೆಯ ಸಲ, 1896ರ ಏಪ್ರಿಲ್ 13ರಂದು, ಪೆಸಿಫಿಕ್ ದಾರಿ ಬಿಟ್ಟಿತು. ಸಮೋವಾ, ಆಸ್ಟ್ರೇಲಿಯಾ, ಮಾರಿಷಸ್, ದಕ್ಷಿಣ ಆಫ್ರಿಕಾ ಹಾದು, 46,000 ಮೈಲಿಗೂ ಹೆಚ್ಚು ಕ್ರಮಿಸಿ, 1898ರ ಜೂನ್ 27ರಂದು ಆತ ಅಮೆರಿಕದ ನ್ಯೂಪೋರ್ಟ್ ಸೇರಿದ. 1900ರಲ್ಲಿ ಪ್ರಕಟವಾದ ಆತನ ಪ್ರವಾಸಕಥನವನ್ನು ಜನ ಇಂದಿಗೂ ಓದುತ್ತಾರೆ. ಮುಂದೊಂದು ದಿನ ಅದೇ ಸ್ಪ್ರೇಯಲ್ಲಿ ಒಬ್ಬನೇ ದಕ್ಷಿಣಕ್ಕೆ ಹೊರಟ ಸ್ಲೋಕಮ್ ಮತ್ತೆ ಯಾರಿಗೂ ಕಾಣಿಸಲಿಲ್ಲ.

ಕ್ಯಾಪ್ಟನ್ ಹುದ್ದೆ ಹೋದರೂ ಸ್ಲೋಕಮ್ ಕೈಯಲ್ಲಿದ್ದ ಕಸುಬು ಹೋಗಲಿಲ್ಲ. ಒಳ್ಳೆಯ ಹಾಯಿ ಸಿಗಲಿ, ಆಮೇಲೆ ಹೊರಡೋಣ ಎಂದು ಆತ ಕೂರಲೂ ಇಲ್ಲ. ಗೆಳೆಯರೇ, ನಮ್ಮ ನೇಮಕಾತಿ ಆದೇಶ ಯಾವಾಗ ಬರುತ್ತದೋ ನಮ್ಮ ಕೈಯಲ್ಲಿಲ್ಲ. ಅದು ಬರುವ ತನಕ ಹರಿದದ್ದನ್ನು ಹೊಲಿಯಲು ಕಲಿಯುವುದು ಮಾತ್ರ ನಮ್ಮ ಕೈಯಲ್ಲೇ ಇದೆ. ಹೊಲಿಯುತ್ತಲೇ ಸಾಗಬಹುದು.