ಡಾಕ್ಟರ್ ಆನಂದಿಬಾಯಿ ಜೋಶಿ ಮತ್ತು ನಮ್ಮ ಮನೆಯ ತೊಟ್ಟಿಲು

ಪುಣೆಯ ಪೇಟೆಗಳಲ್ಲಿ ದಿನವೂ ನಡೆದಾಡುವ ನಮ್ಮ ಬಂಧುಗಳಿಗೆ ಈ ಊರಿನ ಪ್ರಸಿದ್ಧ ಪುರುಷರ ಹೆಸರುಗಳು ಬಾಯಿಪಾಠವಾಗಿವೆ. ತಿಲಕರು, ಗೋಖಲೆಯವರು, ರಾನಡೆಯವರು, ಫುಲೆಯವರು ಎಂದೊಡನೆ ಯಾವ ಪೇಟೆ, ಯಾವ ವಾಡೆ ಎಂದು ಬೆರಳು ಮಾಡಿ ತೋರಿಸಬಲ್ಲವರು ಹಲವರುಂಟು. ಆದರೆ 1887ನೆಯ ಇಸವಿಯ ಫೆಬ್ರುವರಿ 26ರಂದು, ಇಪ್ಪತ್ತೆರಡು ತುಂಬಲು ಒಂದು ತಿಂಗಳಷ್ಟೇ ಉಳಿದಿರುವಾಗ, ಇದೇ ಊರಿನಲ್ಲಿ ಕಣ್ಣು ಮುಚ್ಚಿದ ಒಬ್ಬ ಹೆಣ್ಣುಮಗಳ ವಿಷಯವನ್ನು ಬಲ್ಲವರು ನಮ್ಮವರಲ್ಲಿ ಕಡಿಮೆ. ಅವರೇ ಡಾಕ್ಟರ್ ಆನಂದಿಬಾಯಿ ಜೋಶಿಯವರು. ಅಮೆರಿಕಕ್ಕೆ ಹೋಗಿ ಪಾಶ್ಚಾತ್ಯ ವೈದ್ಯಪದವಿಯನ್ನು ಪಡೆದುಬಂದ ಮೊದಲನೆಯ ಭಾರತೀಯ ಮಹಿಳೆ.

ಈ ಚರಿತ್ರೆಯನ್ನು ಈಗ ಬರೆಯುವುದಕ್ಕೆ ಕಾರಣವುಂಟು. ಹೋಟೆಲುಗಳಲ್ಲಿಯೂ ಕಚೇರಿಗಳಲ್ಲಿಯೂ ದುಡಿಯುವ ನಮ್ಮ ತರುಣರು ಮುಂಚಿನವರಂತೆ ಹೆಂಡತಿಯನ್ನು ಊರಲ್ಲಿ ಬಿಟ್ಟು ಒಂಟಿಯಾಗಿ ಕಾಲ ಕಳೆಯುವವರಲ್ಲ. ಒಂದೇ ಖೋಲಿಯಾದರೂ ಸರಿ, ಸಂಸಾರ ಹೂಡುತ್ತಾರೆ. ಹೆರಿಗೆಗೆಂದು ತವರಿಗೆ ಹೋದವಳು ಕೆಲವು ತಿಂಗಳಲ್ಲಿ ಕೂಸಿನೊಡನೆ ಪುಣೆಗೆ ಮರಳುತ್ತಾಳೆ. ಇಲ್ಲಿಯೇ ಹೆರುವವರೂ ಇದ್ದಾರೆ. ಅಜ್ಜಿ ಊರಲ್ಲಿ, ಮೊಮ್ಮಗು ಇಲ್ಲಿ. ತೊಟ್ಟಿಲು ಯಾವುದು ಒಳ್ಳೆಯದು, ಹಾಸಿಗೆ ಎಂಥದಿರಬೇಕು, ತಳ್ಳುಗಾಡಿ ಬೇಕೇ ಬೇಡವೇ ಎಂದು ಕೇಳಲು ಮನೆಯಲ್ಲಿ ಹಿರಿಯರಿಲ್ಲದೆ ಅಂಗಡಿಯವನನ್ನೇ ಕೇಳುವ ಸ್ಥಿತಿ ಒದಗಿದೆ. ಅಂಗಡಿಯವನ ಉತ್ತರ ಏನಿರುವುದೆಂಬುದು ಹತ್ತಾರು ವರ್ಷ ಗಲ್ಲಾದಲ್ಲಿ ಕುಳಿತ ನಮಗೆ ತಿಳಿಯದ್ದಲ್ಲ. ಹತ್ತೇ ದಿನ ಬದುಕಿದ ಒಂದು ಹಸುಗೂಸಿನಿಂದ ದಾರಿ ಬದಲಿಸಿದ ಈ ಬಾಳಿನ ಕಥೆಯನ್ನು ಅಂಥ ತಂದೆತಾಯಿಗಳಿಗೆ ಹೇಳತಕ್ಕದ್ದೆಂದು ನಮಗೆ ತೋರಿತು.

ಆನಂದಿಬಾಯಿಯವರು ಹುಟ್ಟಿದ್ದು 1865ನೆಯ ಇಸವಿಯ ಮಾರ್ಚ್ 31ರಂದು, ಕಲ್ಯಾಣದ ಜೋಶಿ ಮನೆತನದಲ್ಲಿ. ತಂದೆತಾಯಿಗಳು ಇಟ್ಟ ಹೆಸರು ಯಮುನಾ. ಒಂದು ಕಾಲಕ್ಕೆ ಭೂಮಿಕಾಣಿಯುಳ್ಳ ಮನೆತನವಾಗಿದ್ದು, ಅವರು ಹುಟ್ಟುವ ಹೊತ್ತಿಗೆ ಕೈ ಇಳಿದಿತ್ತು. ಅಂದಿನ ಪದ್ಧತಿಯಂತೆ ಒಂಬತ್ತನೆಯ ವಯಸ್ಸಿನಲ್ಲಿ ಮದುವೆಯಾಯಿತು. ವರ ಗೋಪಾಲರಾವ್ ಜೋಶಿ. ಹೆಂಡತಿಯನ್ನು ಕಳೆದುಕೊಂಡವರು, ವಯಸ್ಸಿನಲ್ಲಿ ಸುಮಾರು ಇಪ್ಪತ್ತು ವರ್ಷ ಹಿರಿಯರು, ಅಂಚೆ ಖಾತೆಯಲ್ಲಿ ಗುಮಾಸ್ತರು. ಗಂಡನ ಮನೆಯಲ್ಲಿ ಯಮುನಾ ಆನಂದಿಯಾದಳು.

ಈ ಗೋಪಾಲರಾಯರು ವಿಚಿತ್ರ ಪ್ರಕೃತಿಯ ಮನುಷ್ಯರು. ಹೆಂಡತಿ ಓದಬೇಕೆಂಬುದು ಅವರ ಹಟ. ಇತರ ಮನೆಗಳಲ್ಲಿ ಓದಿದ್ದಕ್ಕೆ ಹೆಂಗಸು ಪೆಟ್ಟು ತಿನ್ನುತ್ತಿದ್ದ ಕಾಲದಲ್ಲಿ ಇವರು ಓದದಿದ್ದಕ್ಕೆ ಹೊಡೆಯುತ್ತಿದ್ದರು. ಎಳೆಯ ಹುಡುಗಿಯ ಮೇಲೆ ಕೈಮಾಡಿದ್ದನ್ನು ನಾವು ಎಷ್ಟು ಮಾತ್ರಕ್ಕೂ ಮೆಚ್ಚಲಾರೆವು. ಆದರೂ ತಿಂಗಳ ಸಂಬಳದ ಒಬ್ಬ ಗುಮಾಸ್ತ, ನೆಂಟರ ನಿಂದೆಯನ್ನೂ ಮೇಲಧಿಕಾರಿಗಳ ವರ್ಗಾವಣೆಯನ್ನೂ ಸಹಿಸಿ, ಆ ಹಟವನ್ನು ಕಡೆಯವರೆಗೆ ಬಿಡಲಿಲ್ಲವೆಂಬುದನ್ನು ಒಪ್ಪಲೇಬೇಕು. ಕಲ್ಯಾಣದಿಂದ ಅಲಿಬಾಗಿಗೆ, ಅಲ್ಲಿಂದ ಮುಂದೆ ಬೇರೆ ಬೇರೆ ಊರುಗಳಿಗೆ, ಕೊನೆಗೆ ಕಲಕತ್ತೆಗೆ ಅವರ ಬದಲಿಗಳಾದವು. ಹೋದಲ್ಲೆಲ್ಲ ಹೆಂಡತಿಯ ಪಾಠ ನಡೆದೇ ಇತ್ತು.

ಆನಂದಿಬಾಯಿಯವರಿಗೆ ಹದಿನಾಲ್ಕನೆಯ ವಯಸ್ಸಿನಲ್ಲಿ ಗಂಡುಮಗುವಾಯಿತು. ಅದು ಬದುಕಿದ್ದು ಹತ್ತು ದಿನ. ಸಕಾಲದಲ್ಲಿ ತಕ್ಕ ವೈದ್ಯ ಸಹಾಯ ದೊರೆಯಲಿಲ್ಲ. ಗಂಡಸು ವೈದ್ಯನು ಬಾಣಂತಿಯ ಕೋಣೆಗೆ ಕಾಲಿಡುವಂತಿರಲಿಲ್ಲ. ಹೆಂಗಸು ವೈದ್ಯಳು ಎಂಬ ಮಾತೇ ಇರಲಿಲ್ಲ. ನಮ್ಮ ಕಡೆಯಲ್ಲಿಯೂ ಮಹಾರಾಷ್ಟ್ರದಲ್ಲಿಯೂ ಕೂಸನ್ನು ಹನ್ನೊಂದನೆಯ ಇಲ್ಲವೆ ಹನ್ನೆರಡನೆಯ ದಿನ ಶಾಸ್ತ್ರೋಕ್ತವಾಗಿ ತೊಟ್ಟಿಲಿಗೆ ಹಾಕಿ ಹೆಸರಿಡುವ ವಾಡಿಕೆಯಿರುವುದಷ್ಟೆ. ಆ ಮಗುವಿಗೆ ತೊಟ್ಟಿಲಿನ ದಿನ ಬರಲೇ ಇಲ್ಲ. ತಾವು ವೈದ್ಯವಿದ್ಯೆಯನ್ನೇ ಕಲಿಯಬೇಕೆಂದು ಆ ಹದಿನಾಲ್ಕರ ಬಾಲೆ ನಿಶ್ಚಯಿಸಿದ್ದು ಇದರಿಂದ.

ಇಂದು ಕಾಲ ಬೇರೆಯಾಗಿದೆ. 2011ರಲ್ಲಿ ಆರಂಭವಾದ ಕೇಂದ್ರ ಸರಕಾರದ ಯೋಜನೆಯಂತೆ ಸರಕಾರಿ ಆಸ್ಪತ್ರೆಯಲ್ಲಿ ಹೆರಿಗೆಯೂ ಹಸುಗೂಸಿನ ಚಿಕಿತ್ಸೆಯೂ ಉಚಿತ. ಕೂಸು ಮೊಲೆ ಹಿಡಿಯದಿದ್ದರೆ, ಏದುಸಿರು ಬಿಟ್ಟರೆ, ಮೈ ತಣ್ಣಗಾದರೆ ಅಥವಾ ಸುಟ್ಟರೆ, ಹಗಲು ರಾತ್ರಿಯೆನ್ನದೆ ಆಸ್ಪತ್ರೆಗೆ ಒಯ್ಯತಕ್ಕದ್ದು. ವಾಹನಕ್ಕೆ 108 ಎಂಬ ಅಂಕೆ ಸಾಕು. ದೃಷ್ಟಿ ತೆಗೆಯುವುದು ಆಮೇಲೆಯೂ ಆದೀತು.

1880ರಲ್ಲಿ ಗೋಪಾಲರಾಯರು ಅಮೆರಿಕದ ಪಾದ್ರಿ ರಾಯಲ್ ವೈಲ್ಡರ್ ಎಂಬವರಿಗೆ ಪತ್ರ ಬರೆದು, ತಮ್ಮ ಹೆಂಡತಿಗೆ ಆ ದೇಶದಲ್ಲಿ ಓದುವ ಅನುಕೂಲವಾದೀತೇ ಎಂದು ವಿಚಾರಿಸಿದರು. ಮತಾಂತರವಾದರೆ ಸಹಾಯ ಮಾಡುವುದಾಗಿ ಉತ್ತರ ಬಂತು, ದಂಪತಿಗಳು ಒಪ್ಪಲಿಲ್ಲ. ಆದರೆ ವೈಲ್ಡರರು ಆ ಪತ್ರವ್ಯವಹಾರವನ್ನು ತಮ್ಮ ಪತ್ರಿಕೆಯಲ್ಲಿ ಅಚ್ಚುಹಾಕಿಸಿದರು. ನ್ಯೂಜರ್ಸಿಯ ರೋಸೆಲ್ ಎಂಬ ಊರಿನ ಥಿಯೊಡೀಸಿಯಾ ಕಾರ್ಪೆಂಟರ್ ಎಂಬ ಮಹಿಳೆ ಹಲ್ಲಿನ ಡಾಕ್ಟರರ ಬಳಿ ಸರದಿ ಕಾಯುತ್ತ ಕುಳಿತಾಗ ಅದು ಅವರ ಕಣ್ಣಿಗೆ ಬಿದ್ದಿತು. ಪತ್ರಿಕೆ ನಡೆಸುವ ನಮಗೆ ಈ ಸಂಗತಿ ವಿಶೇಷ ಸಂತೋಷವನ್ನು ಕೊಡುತ್ತದೆ. ಅಚ್ಚಾದದ್ದು ಎಲ್ಲಿ ಯಾರ ಕೈ ಸೇರೀತೆಂದು ಹೇಳಲಾಗದು. ಕಾರ್ಪೆಂಟರರು ಪತ್ರ ಬರೆದರು, ಆನಂದಿಬಾಯಿಯವರು ಉತ್ತರಿಸಿದರು, ಸಮುದ್ರದ ಎರಡು ದಡಗಳ ನಡುವೆ ತಾಯಿಮಗಳ ಸಂಬಂಧದಂಥದೊಂದು ಬೆಳೆಯಿತು.

ಹೊರಡುವ ಮುನ್ನ ಊರೆಲ್ಲ ವಿರೋಧ. ಸಮುದ್ರ ದಾಟುವ ಬ್ರಾಹ್ಮಣ ಹೆಂಗಸನ್ನು ಬೀದಿಯಲ್ಲಿ ಹೀಯಾಳಿಸಿದರು. 1883ರ ಫೆಬ್ರುವರಿಯಲ್ಲಿ ಶ್ರೀರಾಮಪುರ ಕಾಲೇಜಿನ ಸಭಾಗೃಹದಲ್ಲಿ ಅವರು ಎದ್ದುನಿಂತು, ತಾವೇಕೆ ಹೋಗುತ್ತಿರುವೆವೆಂಬುದನ್ನು ಇಂಗ್ಲಿಷಿನಲ್ಲಿ ವಿವರಿಸಿದರು. ಈ ದೇಶದ ಸ್ತ್ರೀಯರಿಗೆ ಸ್ತ್ರೀವೈದ್ಯರು ಬೇಕು, ಹಿಂದುವಾಗಿ ಹೋಗಿ ಹಿಂದುವಾಗಿಯೇ ಬರುವೆನು ಎಂಬುದು ಅವರ ವಾದದ ಸಾರ. ಜೂನ್ ತಿಂಗಳಲ್ಲಿ ನ್ಯೂಯಾರ್ಕಿನಲ್ಲಿ ಇಳಿದಾಗ ಅವರಿಗೆ ಹದಿನೆಂಟು ವರ್ಷ. ಪತಿ ಸಂಗಡ ಇರಲಿಲ್ಲ.

ಫಿಲಡೆಲ್ಫಿಯಾದ ಸ್ತ್ರೀಯರ ವೈದ್ಯಕೀಯ ಕಾಲೇಜು ಅವರನ್ನು ಸೇರಿಸಿಕೊಂಡಿತು. ಸೀರೆ ಬಿಡಲಿಲ್ಲ, ಸಸ್ಯಾಹಾರ ಬಿಡಲಿಲ್ಲ. ಆ ಚಳಿಗೆ ಇವೆರಡೂ ಅನುಕೂಲವಲ್ಲ. ಆರೋಗ್ಯ ಕುಂದುತ್ತ ಬಂದು ಕ್ಷಯರೋಗ ಒಳಹೊಕ್ಕಿತು. 1885ರಲ್ಲಿ ತೆಗೆದ ಒಂದು ಛಾಯಾಚಿತ್ರದಲ್ಲಿ ಅವರ ಪಕ್ಕದಲ್ಲಿ ಜಪಾನಿನ ಕೇಯಿ ಒಕಾಮಿ ಮತ್ತು ಸಿರಿಯಾದ ಸಬಾತ್ ಇಸ್ಲಾಂಬೂಲಿ ಎಂಬ ವಿದ್ಯಾರ್ಥಿನಿಯರು ತಮ್ಮ ತಮ್ಮ ದೇಶದ ಉಡುಪಿನಲ್ಲಿ ಕುಳಿತಿದ್ದಾರೆ. 1886ರ ಮಾರ್ಚ್ 11ರಂದು ಆನಂದಿಬಾಯಿಯವರಿಗೆ ಪದವಿ ದೊರೆಯಿತು. ವಿಕ್ಟೋರಿಯಾ ರಾಣಿಯ ಅಭಿನಂದನೆ ಬಂತು. ಆ ಸಮಾರಂಭಕ್ಕೆ ಅವರ ಬಂಧುವಾದ ಪಂಡಿತಾ ರಮಾಬಾಯಿಯವರೂ ಬಂದಿದ್ದರು. ಈ ರಮಾಬಾಯಿ ಬೇರೆ ಯಾರೂ ಅಲ್ಲ. ನಮ್ಮ ಕಾರ್ಕಳ ಸೀಮೆಯ ಮಾಳದ ಅನಂತಶಾಸ್ತ್ರಿ ಡೋಂಗ್ರೆಯವರ ಮಗಳು, 1858ರಲ್ಲಿ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದವರು.

ಪದವಿಗಾಗಿ ಆನಂದಿಬಾಯಿಯವರು ಆರಿಸಿಕೊಂಡ ವಿಷಯವನ್ನು ಗಮನಿಸಬೇಕು: ಆರ್ಯ ಹಿಂದುಗಳಲ್ಲಿ ಪ್ರಸೂತಿ ವಿದ್ಯೆ. ನಮ್ಮ ಪುರಾತನ ವೈದ್ಯಗ್ರಂಥಗಳನ್ನೂ ಅಮೆರಿಕದ ಹೊಸ ಪಠ್ಯಗಳನ್ನೂ ಎರಡು ಪಕ್ಕದಲ್ಲಿಟ್ಟುಕೊಂಡು ಆ ಪ್ರಬಂಧವನ್ನು ಬರೆದರು. ಹಳೆಯದೆಲ್ಲ ಮೂಢವೆಂದು ತಳ್ಳಲಿಲ್ಲ, ಹೊಸದೆಲ್ಲ ಮ್ಲೇಚ್ಛವೆಂದು ಮುಖ ತಿರುಗಿಸಲಿಲ್ಲ. ತೊಟ್ಟಿಲಿನ ವಿಷಯದಲ್ಲಿಯೂ ನಮ್ಮವರು ಹಿಡಿಯಬೇಕಾದ ದಾರಿ ಇದೇ ಎಂದು ನಮ್ಮ ಅಭಿಪ್ರಾಯ.

ಚರಕಸಂಹಿತೆಯ ಶಾರೀರಸ್ಥಾನದ ಎಂಟನೆಯ ಅಧ್ಯಾಯದಲ್ಲಿ ಕೂಸಿನ ಕೋಣೆಯ ವಿಚಾರವುಂಟು. ಹಾಸಿಗೆ ಹೊದಿಕೆಗಳು ಹಗುರವೂ ಶುಚಿಯೂ ಆಗಿರಬೇಕು. ಬೆವರು, ಕೊಳೆ, ಕ್ರಿಮಿ ಸೇರಿದವನ್ನು ಬಿಡಬೇಕು, ಇಲ್ಲವೆ ಚೆನ್ನಾಗಿ ಒಗೆದು ಒಣಗಿಸಿ ಬಳಸಬೇಕು. ಆಟಿಕೆಗಳು ಮೊನಚಾಗಿರಕೂಡದು, ಬಾಯೊಳಗೆ ಹೋಗುವಷ್ಟು ಸಣ್ಣದಿರಕೂಡದು, ಪ್ರಾಣಕ್ಕೆ ಅಪಾಯ ತರುವಂಥವಾಗಿರಕೂಡದು. ಇದರಲ್ಲಿ ಇಂದಿನ ಯಾವ ಡಾಕ್ಟರರೂ ತೆಗೆದುಹಾಕುವಂಥದಿಲ್ಲ. ಒಂದನ್ನು ಮಾತ್ರ ಇಂದಿನ ಶಾಸ್ತ್ರ ತಿದ್ದಿದೆ: ಹಾಸಿಗೆ ಮೃದುವಾಗಿರಲೆಂದು ಚರಕ ಹೇಳುತ್ತದೆ, ಗಟ್ಟಿಯಾಗಿ ಮಟ್ಟಸವಾಗಿರಲೆಂದು ಇಂದಿನವರು ಹೇಳುತ್ತಾರೆ. ಮೆತ್ತನೆಯ ಹಾಸಿನಲ್ಲಿ ಎಳೆಗೂಸಿನ ಮೂಗು ಹುದುಗಿದರೆ ತಲೆಯೆತ್ತುವ ಶಕ್ತಿ ಅದಕ್ಕಿಲ್ಲ.

ಹೊಸದೂ ತಪ್ಪಿದ್ದುಂಟು. ಹಲವು ದಶಕಗಳ ಕಾಲ ಅಮೆರಿಕ, ಇಂಗ್ಲೆಂಡುಗಳ ಡಾಕ್ಟರರು ಕೂಸನ್ನು ಬೋರಲು ಮಲಗಿಸಲು ಹೇಳಿದರು. ನಿದ್ದೆಯಲ್ಲಿಯೇ ಕಾರಣ ತಿಳಿಯದೆ ಸಾಯುವ ಶಿಶುಗಳ ವಿಚಾರಣೆ ನಡೆದ ಬಳಿಕ ಅದು ಅಪಾಯವೆಂದು ಗೊತ್ತಾಯಿತು. 1991ರಲ್ಲಿ ಇಂಗ್ಲೆಂಡಿನಲ್ಲಿ, 1994ರಲ್ಲಿ ಅಮೆರಿಕದಲ್ಲಿ ಅಂಗಾತ ಮಲಗಿಸಿರೆಂಬ ಪ್ರಚಾರ ಆರಂಭವಾಗಿ, ಮುಂದೆ ಅಂಥ ಸಾವುಗಳು ಅರ್ಧಕ್ಕಿಂತ ಹೆಚ್ಚು ಇಳಿದವು. ಊರಿನ ನಮ್ಮ ಅಜ್ಜಿಯರು ಯಾವ ಕಾಲೇಜಿಗೂ ಹೋಗದೆ ಕೂಸನ್ನು ಅಂಗಾತವೇ ಮಲಗಿಸುತ್ತ ಬಂದವರು. ಕಕ್ಕಿದ ಹಾಲು ಗಂಟಲಿಗೆ ಸಿಕ್ಕೀತೆಂದು ಕೆಲವರಿಗೆ ಭಯ. ಅಂಗಾತ ಮಲಗಿದಾಗ ಉಸಿರಿನ ನಾಳ ಮೇಲಿರುತ್ತದೆ, ಅನ್ನನಾಳ ಕೆಳಗಿರುತ್ತದೆ. ಹಾಲು ಕೆಳಕ್ಕೇ ಇಳಿಯುತ್ತದೆ. ಹಗಲಿಗೂ ರಾತ್ರಿಗೂ ಇದೇ ನಿಯಮ.

ಇನ್ನು ಖರೀದಿಯ ಮಾತು. ನಮ್ಮ ಪರಿಚಯದ ಒಬ್ಬ ಕ್ಯಾಶಿಯರು ಚೊಚ್ಚಲ ಕೂಸಿಗೆಂದು ತಿಂಗಳ ಸಂಬಳಕ್ಕೂ ಮೀರಿದ ತೂಗುಮಂಚವನ್ನು ಕಂತಿನ ಮೇಲೆ ತಂದರು. ಅದು ಖೋಲಿಯಲ್ಲಿ ಹಿಡಿಯದೆ ಈಗ ಒಗೆದ ಬಟ್ಟೆ ಹರವಲು ಉಪಯೋಗವಾಗುತ್ತಿದೆ. ಬೆಲೆ ಹೆಚ್ಚಾದೊಡನೆ ಕ್ಷೇಮ ಹೆಚ್ಚುವುದೆಂಬ ನಂಬಿಕೆಗೆ ಆಧಾರವಿಲ್ಲ. ತಲೆಯ ಕಡೆ ಎತ್ತರವಾಗಿ ಇಳಿಜಾರಾಗಿರುವ ತೊಟ್ಟಿಲುಗಳನ್ನು ಅಮೆರಿಕದಲ್ಲಿ ಲಕ್ಷಗಟ್ಟಲೆ ಮಾರಿದ ಮೇಲೆ, ಮಕ್ಕಳು ಅದರಲ್ಲಿ ಉಸಿರುಗಟ್ಟಿ ಸತ್ತ ವರದಿಗಳು ಬಂದು, 2019ರಲ್ಲಿ ಒಂದೇ ಕಂಪನಿ ಸುಮಾರು 47 ಲಕ್ಷವನ್ನು ಹಿಂದಕ್ಕೆ ಕರೆಸಬೇಕಾಯಿತು. 2022ರಲ್ಲಿ ಅಂಥವುಗಳ ಮಾರಾಟವನ್ನೂ, ತೊಟ್ಟಿಲ ಒಳಬದಿಗೆ ಕಟ್ಟುವ ಹತ್ತಿಯ ಮೆತ್ತೆಗಳನ್ನೂ ಅಲ್ಲಿನ ಕಾನೂನು ನಿಷೇಧಿಸಿತು. ನಡೆಯುವುದಕ್ಕೆ ಮೊದಲೇ ಕೂಸನ್ನು ಚಕ್ರದ ಮೇಲೆ ಓಡಿಸುವ ವಾಕರನ್ನು ಕೆನಡಾ ದೇಶವು 2004ರಲ್ಲಿಯೇ ನಿಷೇಧಿಸಿದೆ. ನಮ್ಮ ಅಂಗಡಿಗಳಲ್ಲಿ ಅದಿನ್ನೂ ಮಾರುತ್ತಿದೆ. ಉಡುಗೊರೆಯಾಗಿ ಬಂದರೂ ಕಟ್ಟಿ ಅಟ್ಟಕ್ಕೆ ಹಾಕಿರಿ.

ತೊಟ್ಟಿಲನ್ನೇ ಕೊಳ್ಳುವವರು ಸರಳುಗಳ ನಡುವಿನ ಸಂದು ಆರು ಸೆಂಟಿಮೀಟರ್ ಮೀರದಂತೆ, ಹಾಸಿಗೆಗೂ ಚೌಕಟ್ಟಿಗೂ ನಡುವೆ ಬೆರಳು ತೂರುವ ಸಂದಿಲ್ಲದಂತೆ ನೋಡಿಕೊಳ್ಳಬೇಕು. ಒಳಗೆ ದಿಂಬು ಬೇಡ, ಸಾಸಿವೆಯ ದಿಂಬೂ ಬೇಡ. ರಜಾಯಿ ಬೇಡ, ಗೊಂಬೆ ಬೇಡ. ಸೊಳ್ಳೆಪರದೆ ಮಾತ್ರ ಅವಶ್ಯ, ಬಿಗಿಯಾಗಿ ಕಟ್ಟಿದ್ದು. ಪರದೆಯೊಡನೆ ಮಾರುವ ಮಡಚುವ ಹಾಸಿಗೆ ಕೊಂಡರೆ ಅದರ ದಿಂಬನ್ನು ತೆಗೆದುಬಿಡಿ. ಸೀರೆಯ ಜೋಲಿ ನಮ್ಮೆಲ್ಲರನ್ನೂ ಬೆಳೆಸಿದ್ದೇ ಹೌದು. ಆದರೆ ಅದರಲ್ಲಿ ಕೂಸಿನ ಬೆನ್ನು ಬಾಗಿ, ಗದ್ದ ಎದೆಗೆ ಒತ್ತಿ ಉಸಿರಿಗೆ ತೊಡಕಾಗಬಹುದು. ಊರಿನಲ್ಲಿ ಜೋಲಿಯ ಬಳಿ ಸದಾ ಒಬ್ಬರು ಕುಳಿತಿರುತ್ತಿದ್ದರು. ಇಲ್ಲಿ ತಾಯಿಯೊಬ್ಬಳೇ ಒಲೆಯ ಮುಂದೆ. ಅಳು ನಿಲ್ಲಿಸಲು ತೂಗಿದರೂ ನಿದ್ದೆ ಹತ್ತಿದೊಡನೆ ಮಟ್ಟಸ ಹಾಸಿಗೆಗೆ ಇಳಿಸುವುದು ಮೇಲು.

ತೊಟ್ಟಿಲೇ ಇಲ್ಲದ ಖೋಲಿಯಲ್ಲಿ ನೆಲದ ಮೇಲೆ ಚಾಪೆ, ಅದರ ಮೇಲೆ ಬಿಗಿಯಾಗಿ ಹಾಸಿದ ತೆಳ್ಳನೆಯ ಹಾಸು, ತಾಯಿಯ ಕೈಗೆಟಕುವಷ್ಟು ದೂರದಲ್ಲಿ ಕೂಸಿಗೆ ಅದರದೇ ಜಾಗ. ಇಷ್ಟಿದ್ದರೆ ಬಡವನ ಮಗುವಿಗೂ ಕೊರತೆಯಿಲ್ಲ. ಕನಿಷ್ಠ ಆರು ತಿಂಗಳು ಕೂಸು ತಂದೆತಾಯಿಗಳ ಕೋಣೆಯಲ್ಲಿಯೇ, ಬೇರೆ ಹಾಸಿನ ಮೇಲೆ ಮಲಗಲಿ ಎಂಬುದೇ ಇಂದಿನ ವೈದ್ಯರ ಸಲಹೆ. ರಾತ್ರಿ ಪಾಳಿ ಮುಗಿಸಿ ಬರುವ ನಮ್ಮ ತಂದೆಯಂದಿರಿಗೆ ಒಂದು ಮಾತು: ದಣಿದು ಬಂದು ಕೂಸನ್ನು ಎದೆಯ ಮೇಲಿಟ್ಟುಕೊಂಡು ನಿದ್ದೆಹೋಗಬೇಡಿ, ಸೋಫಾದಲ್ಲಂತೂ ಬೇಡವೇ ಬೇಡ. ಬೀಡಿ ಸಿಗರೇಟಿನ ಹೊಗೆ ಖೋಲಿಯೊಳಗೆ ಬರದಿರಲಿ. ಕುಡಿದ ದಿನ ಕೂಸಿನ ಪಕ್ಕದಲ್ಲಿ ಮಲಗತಕ್ಕದ್ದಲ್ಲ. ಕಟುವಾಗಿ ಬರೆದೆವೆಂದು ಯಾರಾದರೂ ಮುನಿಸಿಕೊಂಡರೆ ಚಿಂತೆಯಿಲ್ಲ.

ಆನಂದಿಬಾಯಿಯವರನ್ನು ಕೊಲ್ಹಾಪುರ ಸಂಸ್ಥಾನವು ಅಲ್ಲಿನ ಆಲ್ಬರ್ಟ್ ಎಡ್ವರ್ಡ್ ಆಸ್ಪತ್ರೆಯ ಸ್ತ್ರೀಯರ ವಿಭಾಗಕ್ಕೆ ವೈದ್ಯಾಧಿಕಾರಿಯಾಗಿ ನೇಮಿಸಿತ್ತು. 1886ರ ಕೊನೆಯಲ್ಲಿ ಅವರು ಸ್ವದೇಶಕ್ಕೆ ಬಂದರು. ಹೀಯಾಳಿಸಿದ್ದ ಜನರೇ ಈಗ ಸ್ವಾಗತಕ್ಕೆ ನೆರೆದರು. ಆದರೆ ಕ್ಷಯ ಬಲಿತಿತ್ತು. ಪುಣೆಯಲ್ಲಿ ಚಿಕಿತ್ಸೆಗಳು ನಡೆದವು, ಯಾವುದೂ ನಾಟಲಿಲ್ಲ. ಕೊಲ್ಹಾಪುರದ ಹುದ್ದೆಯನ್ನು ಅವರು ವಹಿಸಿಕೊಳ್ಳಲಾಗಲಿಲ್ಲ. ಕಲಿತ ವಿದ್ಯೆಯಿಂದ ಒಂದು ಬಾಣಂತಿಯನ್ನೂ ಒಂದು ಕೂಸನ್ನೂ ಇಲ್ಲಿ ನೋಡಿಕೊಳ್ಳುವ ಭಾಗ್ಯ ದೊರೆಯಲಿಲ್ಲ. 1909ರಲ್ಲಿ ಇದೇ ಪುಣೆಯಲ್ಲಿ ರಮಾಬಾಯಿ ರಾನಡೆಯವರು ಸೇವಾಸದನವನ್ನು ಸ್ಥಾಪಿಸಿ ದಾದಿಯರ ಶಿಕ್ಷಣಕ್ಕೆ ಕೈಹಾಕುವ ಹೊತ್ತಿಗೆ ಆನಂದಿಬಾಯಿಯವರು ಇದ್ದಿದ್ದರೆ ನಲವತ್ತನಾಲ್ಕರ ಅನುಭವಿ ವೈದ್ಯೆಯಾಗಿರುತ್ತಿದ್ದರು.

ಗೋಪಾಲರಾಯರು ಹೆಂಡತಿಯ ಅಸ್ಥಿಭಸ್ಮವನ್ನು ಅಮೆರಿಕದ ಕಾರ್ಪೆಂಟರ್ ತಾಯಿಗೆ ಕಳುಹಿಸಿಕೊಟ್ಟರು. ಅವರು ಅದನ್ನು ನ್ಯೂಯಾರ್ಕ್ ಪ್ರಾಂತದ ಪೊಕೀಪ್ಸಿ ಎಂಬ ಊರಿನಲ್ಲಿ ತಮ್ಮ ಮನೆತನದವರ ಸಮಾಧಿಗಳ ನಡುವೆ ಇರಿಸಿ ಕಲ್ಲು ನಿಲ್ಲಿಸಿದರು. ಅದು ಇಂದಿಗೂ ಅಲ್ಲಿದೆ.