ಡಾಲ್ಟನ್ ಬಿಟ್ಟುಹೋದ ಕಣ್ಣು

ರೈಲು ಓಡಿಸುವ ಕೆಲಸದ ಲಿಖಿತ ಪರೀಕ್ಷೆ ಪಾಸಾದಾಗ ಮನೆಯಲ್ಲಿ ಪಾಯಸ ಮಾಡಿದ್ದರು. ಉಳಿದದ್ದು ವೈದ್ಯಕೀಯ ಪರೀಕ್ಷೆ. ನನ್ನ ಭಯವೆಲ್ಲ ಅದರದ್ದೇ. ಬಣ್ಣದ ಚುಕ್ಕೆಗಳ ನಡುವೆ ಅಂಕಿ ಅಡಗಿಸಿಟ್ಟ ಪುಸ್ತಕವೊಂದಿದೆಯಲ್ಲ, ಅದರ ಬಹಳಷ್ಟು ಪುಟಗಳಲ್ಲಿ ನನಗೆ ಬರೀ ಚುಕ್ಕೆಗಳೇ ಕಾಣುತ್ತವೆ. ಚಿಕ್ಕಂದಿನಲ್ಲಿ ಎಲೆಗೆ ಕಂದು ಬಣ್ಣ ಬಳಿದು ಮೇಷ್ಟ್ರಿಂದ ಬೈಸಿಕೊಂಡ ದಿನದಿಂದ ಇದನ್ನು ಯಾರಿಗೂ ಹೇಳಿರಲಿಲ್ಲ. ಅಂಕಿಗಳನ್ನು ಬಾಯಿಪಾಠ ಮಾಡಿಬಿಡು ಎಂದು ಗೆಳೆಯನೊಬ್ಬ ಉಪಾಯ ಕೊಟ್ಟ. ಮಾಡತೊಡಗಿದೆ.

ಆಗಲೇ ನನ್ನಂಥ ಕಣ್ಣಿಗೆ ‘ಡಾಲ್ಟನಿಸಂ’ ಎಂಬ ಹೆಸರಿದೆ ಎಂದು ಓದಿದೆ. ಹೈಸ್ಕೂಲಿನ ಪರಮಾಣು ಪಾಠದಲ್ಲಿ ಬರುವ ಅದೇ ಜಾನ್ ಡಾಲ್ಟನ್!

ಇಂಗ್ಲೆಂಡಿನ ಈಗಲ್ಸ್‌ಫೀಲ್ಡ್ ಎಂಬ ಹಳ್ಳಿಯಲ್ಲಿ, ನೇಕಾರನ ಮಗನಾಗಿ ಡಾಲ್ಟನ್ ಹುಟ್ಟಿದ್ದು 1766ರಲ್ಲಿ. 12ನೇ ವಯಸ್ಸಿಗೇ ಊರ ಮಕ್ಕಳಿಗೆ ಪಾಠ ಹೇಳಲು ನಿಂತ. ಕ್ವೇಕರ್ ಪಂಥದವನಾದ್ದರಿಂದ ಆಕ್ಸ್‌ಫರ್ಡ್, ಕೇಂಬ್ರಿಡ್ಜ್‌ಗಳ ಪದವಿ ಅವನಿಗೆ ಸಿಗುವಂತಿರಲಿಲ್ಲ. ಕಲಿತದ್ದೆಲ್ಲ ಬಹುಪಾಲು ಸ್ವಂತ ದುಡಿಮೆಯಿಂದಲೇ. 1787ರಲ್ಲಿ ಆರಂಭಿಸಿದ ಹವಾಮಾನದ ದಿನಚರಿಯನ್ನು ಸಾಯುವವರೆಗೂ ಬರೆದ.

1792ರಲ್ಲಿ ಒಂದು ಜೆರೇನಿಯಂ ಹೂವು ಅವನನ್ನು ತಡೆದು ನಿಲ್ಲಿಸಿತು. ಬೇರೆಯವರಿಗೆ ನಸುಗೆಂಪಾದ ಆ ಹೂವು ಅವನಿಗೆ ಹಗಲಿನಲ್ಲಿ ಆಕಾಶನೀಲಿ, ರಾತ್ರಿ ಮೇಣದಬತ್ತಿಯ ಬೆಳಕಿನಲ್ಲಿ ಕೆಂಪು. ಹೂವಿಗೆ ಸ್ವಂತ ಬೆಳಕಿಲ್ಲ, ತನ್ನ ಮೇಲೆ ಬಿದ್ದ ಬೆಳಕಿನಲ್ಲಿ ಕೆಲಭಾಗ ಹೀರಿ ಉಳಿದದ್ದನ್ನು ಹೊರಚೆಲ್ಲುತ್ತದೆ. ಮೇಣದಬತ್ತಿಯ ಬೆಳಕಿನಲ್ಲಿ ನೀಲಿಯ ಪಾಲು ಕಡಿಮೆ. ಉಳಿದವರಿಗೆ ಹೂವಿನ ಬಣ್ಣ ಅಷ್ಟಾಗಿ ಬದಲಾದಂತೆ ಕಾಣುತ್ತಿರಲಿಲ್ಲ, ಅವನಿಗೆ ಪೂರ್ತಿ ಬದಲಾದಂತೆ ಕಾಣುತ್ತಿತ್ತು. ಗೆಳೆಯರನ್ನೆಲ್ಲ ಕೇಳಿ ನೋಡಿದ. ಅವನಂತೆ ಕಂಡದ್ದು ಸ್ವಂತ ಅಣ್ಣನಿಗೆ ಮಾತ್ರ.

ಡಾಲ್ಟನ್ ಅದನ್ನು ಮುಚ್ಚಿಡಲಿಲ್ಲ. 1794ರಲ್ಲಿ ಮ್ಯಾಂಚೆಸ್ಟರಿನ ವಿದ್ವಾಂಸರ ಸಭೆಯಲ್ಲಿ ತನ್ನ ಕಣ್ಣಿನ ಬಗ್ಗೆಯೇ ಪ್ರಬಂಧ ಓದಿದ. ಕೆಂಪು ಅರಗೂ ಹಸಿರೆಲೆಯೂ ತನಗೆ ಒಂದೇ ಬಣ್ಣ ಎಂದು ಎಲ್ಲರೆದುರು ಒಪ್ಪಿಕೊಂಡ. ಕಣ್ಣೊಳಗಿನ ದ್ರವ ನೀಲಿಯಾಗಿದ್ದು, ಅದು ಕೆಂಪು ಬೆಳಕನ್ನು ಹೀರುತ್ತಿರಬೇಕು ಎಂಬುದು ಅವನ ಊಹೆ. ನಿಜವೋ ಸುಳ್ಳೋ ತಿಳಿಯಲು ತಾನು ಸತ್ತ ಮೇಲೆ ಕಣ್ಣು ಕೊಯ್ದು ನೋಡಿ ಎಂದು ಹೇಳಿಟ್ಟಿದ್ದ.

1844ರ ಜುಲೈ 27ರಂದು ಡಾಲ್ಟನ್ ತೀರಿಕೊಂಡ. ವೈದ್ಯ ಜೋಸೆಫ್ ರಾನ್ಸಮ್ ಒಂದು ಕಣ್ಣಿನ ದ್ರವವನ್ನು ಗಾಜಿನ ಬಟ್ಟಲಿಗೆ ಸುರಿದ. ತಿಳಿನೀರಿನಂತಿತ್ತು! ಇನ್ನೊಂದು ಕಣ್ಣಿನ ಹಿಂಭಾಗ ಕತ್ತರಿಸಿ ಅದರ ಮೂಲಕವೇ ಕೆಂಪು, ಹಸಿರು ವಸ್ತುಗಳನ್ನು ನೋಡಿದ. ಏನೂ ವ್ಯತ್ಯಾಸವಾಗಲಿಲ್ಲ. ಊಹೆ ಸುಳ್ಳಾಯಿತು.

ಸರಿಯಾದ ದಾರಿ ತೋರಿದ್ದು ಡಾಲ್ಟನ್ನನ ಕಾಲದವನೇ ಆದ ಥಾಮಸ್ ಯಂಗ್. ಕಣ್ಣಿನಲ್ಲಿ ಮೂರು ಬಗೆಯ ಗ್ರಾಹಕಗಳಿರಬೇಕೆಂದು ಅವನು 1802ರ ಹೊತ್ತಿಗೇ ಹೇಳಿದ್ದ. ಅಕ್ಷಿಪಟಲದಲ್ಲಿ ಮೂರು ಬಗೆಯ ಶಂಕು ಕೋಶಗಳಿವೆ ಎಂದು ಈಗ ನಮಗೆ ಗೊತ್ತು. ಸುಮಾರು 400ರಿಂದ 700 ನ್ಯಾನೋಮೀಟರ್‌ವರೆಗಿನ ಬೆಳಕಿನ ಅಲೆಗಳಲ್ಲಿ ಒಂದು ಬಗೆ ಉದ್ದದ ಅಲೆಗೆ, ಇನ್ನೊಂದು ನಡುವಿನದಕ್ಕೆ, ಮತ್ತೊಂದು ಗಿಡ್ಡ ಅಲೆಗೆ ಹೆಚ್ಚು ಸ್ಪಂದಿಸುತ್ತದೆ. ಮೂರರ ಲೆಕ್ಕವನ್ನು ಹೋಲಿಸಿ ಮಿದುಳು ಬಣ್ಣ ಕಟ್ಟುತ್ತದೆ. ಡಾಲ್ಟನ್ನನ ಕಣ್ಣಿನ ತುಣುಕನ್ನು ಒಂದೂವರೆ ಶತಮಾನ ಜೋಪಾನ ಮಾಡಿದ್ದರು. 1995ರಲ್ಲಿ ಅದರ ಡಿಎನ್‌ಎ ಪರೀಕ್ಷೆಯಾದಾಗ ನಡುವಿನ ಬಗೆಯ ವರ್ಣಕದ ಜೀನ್ ಇಲ್ಲವೆಂದು ಖಚಿತವಾಯಿತು. ಅಂತೂ ಸತ್ತು 150 ವರ್ಷದ ಮೇಲೆ ಅವನ ಪ್ರಶ್ನೆಗೆ ಉತ್ತರ ಸಿಕ್ಕಿತು.

ತನ್ನ ಊಹೆ ತಪ್ಪಾದರೂ ಆಗಲಿ, ನಿಜ ಗೊತ್ತಾಗಲಿ ಎಂದು ಕಣ್ಣನ್ನೇ ಕೊಟ್ಟವನ ಕಥೆ ಓದಿ ನನ್ನ ಬಾಯಿಪಾಠಕ್ಕೆ ನಾಚಿಕೆಯಾಯಿತು. ಹಳಿಯ ಪಕ್ಕದ ಸಿಗ್ನಲ್ಲಿಗೆ ಪುಟಸಂಖ್ಯೆ ಇರುವುದಿಲ್ಲ. ಹಿಂದಿನ ಬೋಗಿಗಳಲ್ಲಿ ಸಾವಿರ ಜನ ಮಲಗಿರುತ್ತಾರೆ.

ಪರೀಕ್ಷೆಯ ದಿನ ವೈದ್ಯರು ಪುಸ್ತಕ ತೆರೆಯುವ ಮೊದಲೇ ಹೇಳಿಬಿಟ್ಟೆ. ಆ ಕೆಲಸ ಹೋಯಿತು. ಮನೆಗೆ ಬಂದು ಅಮ್ಮನಿಗೂ ಹೇಳಿದೆ. ಈ ಜೀನ್ ಇರುವುದು ಎಕ್ಸ್ ವರ್ಣತಂತುವಿನಲ್ಲಿ, ಗಂಡುಮಕ್ಕಳಿಗೆ ಅದು ಬರುವುದು ತಾಯಿಯಿಂದಲೇ ಎಂದು ವಿವರಿಸಿದೆ. ಅಮ್ಮ ಸ್ವಲ್ಪ ಹೊತ್ತು ಸುಮ್ಮನಿದ್ದಳು. ಆಮೇಲೆ ಸೋದರಮಾವ ಸಂತೆಯಿಂದ ಯಾವಾಗಲೂ ಕಾಯಿ ಟೊಮೆಟೊ ತರುವುದನ್ನು ನೆನೆಸಿಕೊಂಡು ನಕ್ಕಳು. ನಾನೂ ನಕ್ಕೆ. ಈಗ ಬೇರೊಂದು ಪರೀಕ್ಷೆಗೆ ಓದುತ್ತಿದ್ದೇನೆ.