ಆಚಾರ್ಯ ಶಿಶಿರಕುಮಾರ ಮಿತ್ರ

ಇರುಳಿನಲ್ಲಿ ಪರದೇಶದ ರೇಡಿಯೋ ವಾರ್ತೆಯು ನಮ್ಮ ಮನೆಯೊಳಗೆ ಕೇಳಿಬರುವುದು ಹೇಗೆಂದು ವಾಚಕರಲ್ಲಿ ಅನೇಕರು ಯೋಚಿಸಿರಲಾರರು. ಸುಮಾರು 40 ಮೈಲಿ ಎತ್ತರದಿಂದಾಚೆಗೆ ಸೂರ್ಯರಶ್ಮಿಯು ವಾಯುವಿನ ಅಣುಗಳನ್ನೊಡೆದು ವಿದ್ಯುತ್ಕಣಗಳ ಪದರಗಳನ್ನು ನಿರ್ಮಿಸುತ್ತದೆ. ರೇಡಿಯೋ ಅಲೆಗಳು ಅವುಗಳಲ್ಲಿ ಬಾಗಿ ನೆಲಕ್ಕೆ ಮರಳುತ್ತವೆ. ಈ ಅಯಾನುಮಂಡಲದ ಶಾಸ್ತ್ರಕ್ಕೆ ಭರತಖಂಡದಲ್ಲಿ ಅಡಿಗಲ್ಲಿಟ್ಟವರು ಮಿತ್ರರು.

1890ರಲ್ಲಿ ವಂಗದೇಶದಲ್ಲಿ ಜನಿಸಿದ ಅವರ ತಂದೆ ಶಾಲಾ ಉಪಾಧ್ಯಾಯರು. ಅವರು ವ್ಯಾಧಿಗ್ರಸ್ತರಾದ ಬಳಿಕ ಸಂಸಾರದ ಭಾರವನ್ನು ಹೊತ್ತವರು ಭಾಗಲಪುರದ ಆಸ್ಪತ್ರೆಯಲ್ಲಿ ವೈದ್ಯೆಯಾಗಿದ್ದ ತಾಯಿ. ಆ ಕಾಲದಲ್ಲಿ ಇದು ಸಾಮಾನ್ಯ ಸಂಗತಿಯಲ್ಲ. 1916ರಲ್ಲಿ ಸರ್ ಆಶುತೋಷ ಮುಖರ್ಜಿಯವರು ಅವರನ್ನು ಕಲಕತ್ತೆಯ ವಿಜ್ಞಾನ ಕಾಲೇಜಿಗೆ ಕರೆಸಿಕೊಂಡರು. ಅಲ್ಲಿ, ಮುಂದೆ ಬೆಂಗಳೂರಿನವರೇ ಆದ ರಾಮನ್ನರ ಬಳಿ ಬೆಳಕಿನ ಶಾಸ್ತ್ರದಲ್ಲಿ ಸಂಶೋಧನೆ ನಡೆಸಿ, 1920ರಲ್ಲಿ ಪ್ಯಾರಿಸ್ಸಿಗೆ ತೆರಳಿದರು. ಬೆಳಕಿನಲ್ಲಿಯೇ ಅವರಿಗೆ ಹೆಸರು ಬಂದಿತ್ತು. ಆದರೂ ನಾನ್ಸಿ ನಗರದಲ್ಲಿ ರೇಡಿಯೋ ವಾಲ್ವುಗಳನ್ನು ಕಂಡ ಮೇಲೆ ಆ ಹಾದಿಯನ್ನು ಬಿಟ್ಟು, ನಿಸ್ತಂತು ವಿದ್ಯೆಯನ್ನು ನಮ್ಮ ವಿದ್ಯಾರ್ಥಿಗಳಿಗೆ ಕಲಿಸಬೇಕೆಂದು ಆಶುತೋಷರಿಗೆ ಬರೆದರು. 1923ರಲ್ಲಿ ಮರಳಿ ಖೈರಾ ಪ್ರಾಧ್ಯಾಪಕರಾಗಿ, ಹಾಗೆಯೇ ಮಾಡಿದರು. ಪರಾಧೀನ ದೇಶವೊಂದರಲ್ಲಿ ಇಂತಹ ಪ್ರಯೋಗಶಾಲೆಯನ್ನು ಕಟ್ಟುವುದು ಎಷ್ಟು ಕಷ್ಟವೆಂಬುದನ್ನು ವಿವರಿಸಬೇಕಾಗಿಲ್ಲ. 1947ರಲ್ಲಿ ಪ್ರಕಟವಾದ ಅವರ ಮೇಲ್ವಾಯುಮಂಡಲದ ಬೃಹದ್ಗ್ರಂಥವು ರಷ್ಯನ್ ಭಾಷೆಗೂ ಪರಿವರ್ತಿತವಾಯಿತು.

ಅವರ ಒಂದು ವಿಚಾರವನ್ನು ಇಲ್ಲಿ ವಿಶೇಷವಾಗಿ ಹೇಳಬೇಕು. ನೆತ್ತಿಯ ಮೇಲೆ ಸೂರ್ಯನಿರುವ ಕಾಂತೀಯ ವಿಷುವದ್ರೇಖೆಯಲ್ಲಿ ವಿದ್ಯುತ್ಕಣಗಳು ಅತ್ಯಧಿಕವಾಗಿರಬೇಕಷ್ಟೆ? ಹಾಗಿಲ್ಲ, ಅದರ ಎರಡೂ ಪಕ್ಕಗಳಲ್ಲಿಯೇ ಅವು ಹೆಚ್ಚು. ವಿಷುವದ್ರೇಖೆಯ ಮೇಲೆ ಬಹಳ ಎತ್ತರದಲ್ಲಿ ಹುಟ್ಟಿದ ಕಣಗಳು ಭೂಕಾಂತದ ರೇಖೆಗಳನ್ನು ಹಿಡಿದು ಇಕ್ಕೆಲಗಳಿಗೂ ಇಳಿಯುತ್ತವೆಂದು ಮಿತ್ರರು 1946ರಲ್ಲಿ ಸೂಚಿಸಿದರು. ಇದು ಅರ್ಧ ಸತ್ಯ. ಕಣಗಳನ್ನು ಕೆಳಗಿನಿಂದ ಮೇಲಕ್ಕೆತ್ತುವ ವಿದ್ಯುತ್ಕ್ಷೇತ್ರವನ್ನು ಬಳಿಕ ಇತರರು ಸೇರಿಸಬೇಕಾಯಿತು. ಇಳಿಯುವ ಮಾರ್ಗವನ್ನು ಮಾತ್ರ ಅವರು ಸರಿಯಾಗಿಯೇ ಕಂಡಿದ್ದರು.

ಮಿತ್ರರು 1963ರಲ್ಲಿ ತೀರಿಕೊಂಡರು. ನೆಲದಿಂದ ಅಲೆಯನ್ನೆಸೆದು ಪ್ರತಿಧ್ವನಿಗೆ ಕಾಯುವುದೇ ಅವರ ಮುಖ್ಯ ಸಾಧನವಾಗಿತ್ತು. 1995ರಿಂದೀಚೆಗೆ, ದಿಕ್ಸೂಚನೆಯ ಉಪಗ್ರಹಗಳು ಕಳುಹಿಸುವ ಸಂಕೇತಗಳನ್ನು ಕೆಳಗಿನ ಕಕ್ಷೆಯ ಬೇರೊಂದು ಉಪಗ್ರಹದ ಗ್ರಾಹಕಯಂತ್ರವು ಭೂಮಿಯ ಅಂಚಿನಿಂದ ಓರೆಯಾಗಿ ಹಿಡಿಯುತ್ತದೆ. ಎರಡು ಆವರ್ತನಗಳ ಅಲೆಗಳಿಗೆ ಆಗುವ ವಿಳಂಬದ ವ್ಯತ್ಯಾಸದಿಂದ, ದಾರಿಯಲ್ಲಿ ಎಷ್ಟು ವಿದ್ಯುತ್ಕಣಗಳಿವೆಯೆಂದು ಎಣಿಸಬಹುದು. 2006ರಲ್ಲಿ ಇಂತಹ ಆರು ಉಪಗ್ರಹಗಳು ಒಟ್ಟಿಗೆ ಹಾರಿದವು. ಅವು ಬರೆದ ನಕಾಶೆಯಲ್ಲಿ ಆ ಎರಡು ಏಣುಗಳೂ ಎದ್ದು ಕಾಣುತ್ತವೆ. ಉತ್ತರದ ಏಣು ಹಾಯುವುದು ಮಿತ್ರರು ದುಡಿದ ಕಲಕತ್ತೆಯ ಆಸುಪಾಸಿನ ಆಕಾಶದಲ್ಲಿಯೇ.